ರಾಗಿಯ ಹೊಲದಲ್ಲಿ ಅವರೆ: ನಂದಿದುರ್ಗ ಸೀಮೆಯಲ್ಲಿ ಕಳೆ ನಿವಾರಣೆಯ ಕಾಲಕ್ರಮ

೧. ಪೀಠಿಕೆ

ಬೇಸಾಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬಿತ್ತನೆಯ ಕಡೆಗೂ ಸುಗ್ಗಿಯ ಕಡೆಗೂ ಗಮನ ಕೊಡುತ್ತಾರೆ. ಇವೆರಡರ ನಡುವೆ ವಾರಗಟ್ಟಲೆ ನಡೆಯುವ ಕಳೆ ತೆಗೆಯುವ ಕೆಲಸವು ಬರವಣಿಗೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ಕಂದಾಯದ ಲೆಕ್ಕದಲ್ಲಿ ಭೂಮಿಯಿದೆ, ನೀರಿದೆ, ಬೆಳೆಯಿದೆ. ಕಳೆಗೆ ಅಲ್ಲಿ ಸ್ಥಳವಿಲ್ಲ. ಆದರೆ ಮಳೆಯನ್ನೇ ನಂಬಿದ ಹೊಲದಲ್ಲಿ ಬೆಳೆಯ ಏಳುಬೀಳುಗಳನ್ನು ನಿರ್ಣಯಿಸುವುದು ಬಹುಮಟ್ಟಿಗೆ ಈ ನಡುವಣ ಕಾಲವೇ ಆಗಿದೆ. ಕೋಲಾರ ಜಿಲ್ಲೆಯ ಪೂರ್ವ ಭಾಗವನ್ನು, ಎಂದರೆ ಬಂಗಾರಪೇಟೆಯಿಂದ ಚಿನ್ನದ ಗಣಿಗಳವರೆಗಿನ ಪ್ರದೇಶವನ್ನು, ಆಧಾರವಾಗಿ ಇಟ್ಟುಕೊಂಡು, ಅವರೆಯ ಬೆಳೆಯಲ್ಲಿ ಕಳೆಯನ್ನು ಯಾವ ಕಾಲದಲ್ಲಿ ಯಾವ ಉಪಾಯದಿಂದ ನಿವಾರಿಸುತ್ತ ಬಂದರು ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಹೆಸರಿನ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇಂಗ್ಲಿಷಿನಲ್ಲಿ 'ಫೀಲ್ಡ್ ಬೀನ್' ಎಂಬ ಒಂದೇ ಹೆಸರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ನಮ್ಮಲ್ಲಿ ಅದು ಅವರೆ. ಲಿನೇಯಸನು ೧೭೫೩ರಲ್ಲಿ ಇದಕ್ಕೆ ಡಾಲಿಕಸ್ ಲಬ್ಲಬ್ ಎಂದು ಹೆಸರಿಟ್ಟನು. ಹಳೆಯ ಗ್ಯಾಸೆಟಿಯರುಗಳಲ್ಲಿ ಕಾಣುವುದು ಈ ಹೆಸರೇ. ಈಗ ಶಾಸ್ತ್ರಜ್ಞರು ಬಳಸುವ ಹೆಸರು ಲಬ್ಲಬ್ ಪರ್ಪ್ಯೂರಿಯಸ್. ಹೊರದೇಶದ ಕೈಪಿಡಿಗಳಲ್ಲಿ 'ಫೀಲ್ಡ್ ಬೀನ್'ಗೆ ಹೇಳಿರುವ ಕಳೆನಾಶಕವನ್ನು ಅವರೆಗೆ ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

೨. ಸೀಮೆ

ನಂದಿದುರ್ಗವೆಂಬ ಹೆಸರು ಮೂಲತಃ ಚಿಕ್ಕಬಳ್ಳಾಪುರದ ಬಳಿಯ ಬೆಟ್ಟದ ಕೋಟೆಯದು. ಬೌರಿಂಗ್ ಅವರು ಮೈಸೂರಿನ ಕಮಿಷನರಾಗಿದ್ದಾಗ (೧೮೬೨-೭೦) ರಾಜ್ಯವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿ ಏರ್ಪಡಿಸಲಾಯಿತು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ನಂದಿದುರ್ಗ ವಿಭಾಗಕ್ಕೆ ಸೇರಿದುವು. ಮುಂದೆ ಕೋಲಾರದ ಚಿನ್ನದ ಗಣಿಗಳು ಬೆಳೆದಾಗ ಅವುಗಳಲ್ಲೊಂದು ಇದೇ ಹೆಸರನ್ನು ಪಡೆಯಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ಬಾಲಘಾಟ್ ಗಣಿಗಳ ಜೊತೆಗೆ ನಂದಿದುರ್ಗ ಗಣಿಯೂ ಪ್ರಸಿದ್ಧವಾಯಿತು. ಬೌರಿಂಗ್‌ಪೇಟೆ ಎಂದು ಕರೆಯಲ್ಪಡುತ್ತಿದ್ದ ಊರು ಬಂಗಾರಪೇಟೆಯಾಯಿತು. ಅಲ್ಲಿಂದ ಗಣಿಗಳಿಗೆ ಹೋಗುವ ರೈಲುಮಾರ್ಗವು ೧೮೯೪ರಲ್ಲಿ ಸಿದ್ಧವಾಯಿತು.

ಗಣಿಯ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಗಣಿಯ ಸುತ್ತಣ ಹೊಲದ ಚರಿತ್ರೆಯನ್ನು ಬರೆದವರು ಕಡಮೆ. ಇಲ್ಲಿಯ ಭೂಮಿ ಹೆಚ್ಚಾಗಿ ಕೆಂಪು ಗೋಡು. ಅಲ್ಲಲ್ಲಿ ಮರಳು ಬೆರೆತದ್ದು, ಅಲ್ಲಲ್ಲಿ ಕಲ್ಲು ಮಿಶ್ರವಾದದ್ದು. ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಯ ಕೆಳಗಿನ ತರಿಯನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಗೆ ಕಾಯುವ ಖುಷ್ಕಿ. ಮಳೆಯ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಈ ಖುಷ್ಕಿಯ ಮುಖ್ಯ ಧಾನ್ಯ ರಾಗಿ. ರಾಗಿಯ ಸಂಗಾತಿ ಅವರೆ.

೩. ಅಕ್ಕಡಿ ಸಾಲಿನ ವ್ಯವಸ್ಥೆ

ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಅವನ ಸಂಚಾರದ ವೃತ್ತಾಂತ ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕೋಲಾರವೂ ಅವನ ದಾರಿಯಲ್ಲಿತ್ತು. ಕೂರಿಗೆ, ಕುಂಟೆ ಮೊದಲಾದ ಉಪಕರಣಗಳನ್ನು ಅವುಗಳ ಕನ್ನಡ ಹೆಸರುಗಳಲ್ಲಿಯೇ ಅವನು ಗುರುತಿಸಿರುವುದು ಗಮನಾರ್ಹವಾದುದು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ ಮೊದಲಾದ ಕಾಳುಗಳನ್ನು ಪ್ರತ್ಯೇಕ ಸಾಲಾಗಿ ಬಿತ್ತುವ ಪದ್ಧತಿ ಆಗಲೇ ಸ್ಥಿರವಾಗಿ ನೆಲೆಗೊಂಡಿತ್ತು. ಇಂಥ ಸಾಲಿಗೆ ಅಕ್ಕಡಿ ಸಾಲೆಂದು ಹೆಸರು.

ಈ ಪದ್ಧತಿಯ ಕ್ರಮ ಹೀಗಿದೆ. ಎತ್ತು ಎಳೆಯುವ ಕೂರಿಗೆಯ ತಾಳುಗಳಿಂದ ರಾಗಿಯ ಬೀಜ ಸಮಾನಾಂತರವಾದ ಹಲವು ಸಾಲುಗಳಲ್ಲಿ ಬೀಳುತ್ತದೆ. ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಒಂಟಿ ಕೊಳವೆಯನ್ನು, ಎಂದರೆ ಸಡ್ಡೆಯನ್ನು, ಹಿಡಿದು ಬರುವವರು ಅವರೆಯ ಬೀಜವನ್ನು ಅದರೊಳಗೆ ಬಿಡುತ್ತಾರೆ. ಹೀಗೆ ಹಲವು ಸಾಲು ರಾಗಿಗೆ ಒಂದು ಸಾಲು ಅವರೆ ಬರುತ್ತದೆ. ಪುನರ್ವಸು, ಪುಷ್ಯ ಮಳೆಗಳಲ್ಲಿ, ಎಂದರೆ ಜುಲೈ ತಿಂಗಳಿನಲ್ಲಿ, ಬಿತ್ತನೆ ನಡೆಯುವುದು ವಾಡಿಕೆ. ಮೂರು ವಾರದ ಪೈರಿನ ಮೇಲೆ ಕುಂಟೆಯೋ ಹಲುಬೆಯೋ ಹಾಯುತ್ತದೆ. ಇದರಿಂದ ಮೂರು ಪ್ರಯೋಜನಗಳು ಒಟ್ಟಿಗೆ ಸಿದ್ಧಿಸುತ್ತವೆ: ಸಾಲಿನ ನಡುವಣ ಎಳೆಯ ಕಳೆ ಬುಡ ಕಡಿದು ಬಿಸಿಲಿಗೆ ಒಣಗುತ್ತದೆ, ಒತ್ತಾದ ರಾಗಿ ತೆಳುವಾಗುತ್ತದೆ, ಹೆಪ್ಪುಗಟ್ಟಿದ ಮೇಲ್ಮಣ್ಣು ಒಡೆದು ತೇವ ಉಳಿಯುತ್ತದೆ. ಆಮೇಲೆ, ಆಶ್ಲೇಷ, ಮಖೆ ಮಳೆಗಳ ನಡುವಣ ಬಿಡುವಿನಲ್ಲಿ, ಸಾಲಿನೊಳಗೆ ಉಳಿದ ಕಳೆಯನ್ನು ಕೈಯಿಂದಲೂ ಕುಡುಗೋಲಿನಿಂದಲೂ ತೆಗೆಯುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕಳೆ ತೆಗೆಯುವ ಕಾಲವು ನಿಶ್ಚಯವಾಗುತ್ತಿದ್ದುದು ರಾಗಿಯಿಂದ, ಅವರೆಯಿಂದಲ್ಲ. ಅವರೆಗೆ ಸ್ವಂತವಾದ ಕಳೆ ತೆಗೆಯುವ ಕಾಲವೆಂಬುದೇ ಇರಲಿಲ್ಲ. ರಾಗಿಗೆ ದೊರೆತ ಶುಶ್ರೂಷೆಯೇ ಅದಕ್ಕೂ ದೊರೆಯುತ್ತಿತ್ತು, ಮತ್ತು ಅಷ್ಟು ಸಾಕಾಗುತ್ತಿತ್ತು. ಇದಕ್ಕೆ ಕಾರಣ ಸಸ್ಯದ ಸ್ವಭಾವದಲ್ಲಿದೆ. ಅವರೆಯ ಸಸಿ ಆರಂಭದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆದುದರಿಂದ ಮೊದಲ ನಾಲ್ಕರಿಂದ ಆರು ವಾರಗಳ ಕಾಲ ಕಳೆಯ ಪೈಪೋಟಿಯನ್ನು ತಾಳಲಾರದು. ಆ ಅವಧಿ ದಾಟಿದ ಮೇಲೆ ಹಬ್ಬಿದ ಬಳ್ಳಿಯ ನೆರಳೇ ಕಳೆಯನ್ನು ಅಡಗಿಸುತ್ತದೆ. ರಾಗಿಗೆ ಕುಂಟೆ ಹಾಯುವ ಕಾಲವೂ ಅವರೆಯ ಈ ಸಂಕಟದ ಕಾಲವೂ ಒಂದೇ ಆಗಿದ್ದುದು ಈ ಜೋಡಿ ಬೇಸಾಯದ ಗುಟ್ಟು.

ಮುಂದಿನ ಘಟ್ಟವೂ ಅಷ್ಟೇ ಸ್ವಾರಸ್ಯವಾದುದು. ನಾಡ ಅವರೆಯು ಹಗಲು ಕಿರಿದಾದ ಮೇಲೆ ಮಾತ್ರ ಹೂ ಬಿಡುವ ಜಾತಿ. ಎಂದು ಬಿತ್ತಿದರೂ ಅದು ಹೂವಿಗೆ ಬರುವುದು ಚಳಿಗಾಲದ ಹೊಸ್ತಿಲಲ್ಲಿ. ರಾಗಿಯನ್ನು ಕೊಯ್ದ ಬಳಿಕ ಬಿಡುವಾದ ಹೊಲದಲ್ಲಿ ಅವರೆ ಹಬ್ಬಿ, ಇಬ್ಬನಿಯನ್ನು ಕುಡಿದು, ಸಂಕ್ರಾಂತಿಯ ವೇಳೆಗೆ ಸೊಗಡಿನ ಕಾಯಿಯನ್ನು ಕೊಡುತ್ತದೆ. ಮಳೆ ನಿಂತಿರುವುದರಿಂದ ಆಗ ಹೊಸ ಕಳೆಯ ಕಾಟ ಹೆಚ್ಚಿಲ್ಲ. ಹೀಗೆ ಒಂದೇ ಹೊಲದ ಎರಡು ಬೆಳೆಗಳಿಗೆ ಒಂದೇ ಸಲದ ಕಳೆ ನಿವಾರಣೆ ಸಾಕಾಗುವಂತೆ ವ್ಯವಸ್ಥೆ ಏರ್ಪಟ್ಟಿತ್ತು.

೪. ಕಳೆಯೋ ಸೊಪ್ಪೋ?

ಕಳೆ ತೆಗೆಯುವುದು ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಕೂಲಿ ಕೊಡುವ ಶಕ್ತಿಯಿಲ್ಲದ ಮನೆಗಳು ಮುಯ್ಯಾಳಿನ ಮೇಲೆ ಇದನ್ನು ನಡೆಸುತ್ತಿದ್ದುವು: ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಇದನ್ನು ಕೇವಲ ದುಡಿಮೆಯ ಲೆಕ್ಕದಲ್ಲಿ ಎಣಿಸಿದರೆ ಅದರ ಪೂರ್ಣ ಸ್ವರೂಪ ತಿಳಿಯುವುದಿಲ್ಲ. ಏಕೆಂದರೆ ಹೊಲದಿಂದ ಕಿತ್ತುದೆಲ್ಲವೂ ವ್ಯರ್ಥವಾಗುತ್ತಿರಲಿಲ್ಲ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ತಾನಾಗಿ ಹುಟ್ಟಿದ ಕೀರೆ ಇವೆಲ್ಲ ಮಡಿಲಿಗೆ ಬಿದ್ದು ಸಂಜೆಯ ಬೆರಕೆ ಸೊಪ್ಪಿನ ಸಾರಾಗುತ್ತಿದ್ದುವು. ಗರಿಕೆ ಮತ್ತಿತರ ಹುಲ್ಲು ದನದ ಮುಂದೆ ಬೀಳುತ್ತಿತ್ತು. ಜೇಕಿನ ಗೆಡ್ಡೆಯೊಂದೇ ಯಾರಿಗೂ ಬೇಡವಾದ ಶತ್ರು.

ಸಸ್ಯಶಾಸ್ತ್ರಜ್ಞನ ಪಟ್ಟಿಯಲ್ಲಿ ಕಳೆಯಾಗಿರುವುದು ಅಡಿಗೆಮನೆಯ ಪಟ್ಟಿಯಲ್ಲಿ ಸೊಪ್ಪಾಗಿರುವುದು ಕೋಲಾರದ ಬೇಸಾಯದ ಒಂದು ಮುಖ್ಯ ಲಕ್ಷಣ. ಕೈಯಿಂದ ಕೀಳುವಾಗ ಇದು ಬೇಕು, ಅದು ಬೇಡ ಎಂಬ ವಿವೇಚನೆ ಸಾಧ್ಯ; ಕುಂಟೆಗೆ ಆ ವಿವೇಚನೆ ಸ್ವಲ್ಪ ಕಡಮೆ; ಸಿಂಪಡಿಸುವ ದ್ರವಕ್ಕೆ ಇರುವುದು ಬೇರೆಯೇ ಬಗೆಯ ವಿವೇಚನೆ. ಆ ವಿವೇಚನೆ ಎಂಥದು ಎಂಬುದನ್ನು ಮುಂದೆ ನೋಡೋಣ.

೫. ಹೆಬ್ಬಾಳದ ದಿನಗಣನೆ

ಮೈಸೂರಿನಲ್ಲಿ ಕೃಷಿ ಸಂಶೋಧನೆ ಕ್ರಮಬದ್ಧವಾಗಿ ಆರಂಭವಾದುದು ೧೮೯೯ರಲ್ಲಿ. ಆಗ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಸರ್ಕಾರವು ಹೆಬ್ಬಾಳದಲ್ಲಿ ಮೂವತ್ತು ಎಕರೆ ಭೂಮಿಯನ್ನು ಇದಕ್ಕಾಗಿ ನೀಡಿತು. ರಸಾಯನಜ್ಞರಾದ ಡಾ. ಲೇಮನ್ ಅವರು ಅಲ್ಲಿಯ ಮೊದಲ ಪ್ರಯೋಗಗಳನ್ನು ನಡೆಸಿದರು. ೧೯೧೩ರಲ್ಲಿ ಕೃಷಿ ಶಾಲೆ ತೆರೆಯಿತು. ಕೆನಡಾ ದೇಶದವರಾದ ಡಾ. ಲೆಸ್ಲಿ ಕೋಲ್‌ಮನ್ ಅವರ ನಿರ್ದೇಶನದಲ್ಲಿ ಇಲಾಖೆ ಬೆಳೆಯಿತು. ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಅವರು ಬರೆದ ಪುಸ್ತಿಕೆ ೧೯೨೦ರಲ್ಲಿ ಪ್ರಕಟವಾಯಿತು.

ಈ ಕಾಲದ ಕೃಷಿ ಇಲಾಖೆಗೆ ಕಳೆ ನಿವಾರಣೆಯು ಪ್ರತ್ಯೇಕ ಶಾಸ್ತ್ರವಾಗಿರಲಿಲ್ಲ. ಅದು ಉಳುಮೆಯ ಒಂದು ಅಂಗವಾಗಿತ್ತು. ಒಳ್ಳೆಯ ಕಬ್ಬಿಣದ ನೇಗಿಲು, ಬಿತ್ತನೆಗೆ ಮುಂಚೆ ಹೆಚ್ಚಿನ ಸಾಲುಗಳು, ಸಕಾಲದಲ್ಲಿ ಎಡೆಕುಂಟೆ, ಇವೇ ಅದರ ಉಪಾಯಗಳು. ಬಿತ್ತನೆಗೆ ಮುಂಚೆ ಬಿದ್ದ ಮಳೆಗೆ ಹುಟ್ಟಿದ ಕಳೆಯನ್ನು ಉತ್ತು ಕೆಡವಿದರೆ ಬೆಳೆಯಲ್ಲಿ ಬರುವ ಕಳೆ ಆ ಮಟ್ಟಿಗೆ ಕಡಮೆಯಾಗುತ್ತದೆ ಎಂಬುದು ರೈತನಿಗೂ ಇಲಾಖೆಗೂ ಸಮಾನವಾಗಿ ತಿಳಿದಿದ್ದ ತತ್ತ್ವ.

ಆದರೂ ಸಂಶೋಧನಾ ಕ್ಷೇತ್ರವು ಒಂದು ಮುಖ್ಯ ಬದಲಾವಣೆಗೆ ಕಾರಣವಾಯಿತು. ರೈತನದು ಮಳೆಯ ಲೆಕ್ಕ. ಪುನರ್ವಸುವಿಗೆ ಬಿತ್ತನೆ, ಆಶ್ಲೇಷಕ್ಕೆ ಕಳೆ. ಸಂಶೋಧಕನದು ದಿನದ ಲೆಕ್ಕ; ಬಿತ್ತಿದ ಇಪ್ಪತ್ತನೆಯ ದಿನ, ನಲವತ್ತನೆಯ ದಿನ. ಮೊದಲನೆಯದು ಆಕಾಶವನ್ನು ನೋಡಿ ನಡೆಯುತ್ತದೆ, ಎರಡನೆಯದು ಸಸಿಯ ವಯಸ್ಸನ್ನು ನೋಡಿ. ಒಂದೂರಿನ ಫಲಿತಾಂಶವನ್ನು ಇನ್ನೊಂದೂರಿನ ಫಲಿತಾಂಶದೊಡನೆ ಹೋಲಿಸಲು ದಿನದ ಲೆಕ್ಕವಿಲ್ಲದೆ ಸಾಧ್ಯವಿಲ್ಲ. ಆದರೆ ಇಪ್ಪತ್ತನೆಯ ದಿನ ಮಳೆ ಹಿಡಿದು ಕೂತರೆ ಕುಂಟೆ ಹೊಲಕ್ಕೆ ಇಳಿಯದು ಎಂಬುದನ್ನು ರೈತನು ಮರೆಯುವಂತಿರಲಿಲ್ಲ. ಈ ಎರಡು ಲೆಕ್ಕಗಳ ನಡುವಣ ಅಂತರವೇ ಮುಂದೆ ರಾಸಾಯನಿಕಕ್ಕೆ ದಾರಿಮಾಡಿಕೊಟ್ಟಿತು: ಬಿತ್ತಿದ ಕೂಡಲೆ ಸಿಂಪಡಿಸಿ ಮುಗಿಸಿದರೆ ಇಪ್ಪತ್ತನೆಯ ದಿನದ ಚಿಂತೆ ಬಹುಪಾಲು ತಪ್ಪುತ್ತದೆಯಲ್ಲವೆ?

೬. ಎರಡು ಬೆಳೆಗಳನ್ನು ಅಗಲಿಸಿದ ಔಷಧ

ಭಾರತದಲ್ಲಿ ರಾಸಾಯನಿಕದಿಂದ ಕಳೆಯನ್ನು ನಾಶಮಾಡುವ ಮೊದಲ ಪ್ರಯತ್ನ ೧೯೩೭ರಲ್ಲಿ ಪಂಜಾಬಿನಲ್ಲಿ ಸೋಡಿಯಂ ಆರ್ಸೆನೈಟಿನಿಂದ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ೨,೪-ಡಿ ಎಂಬ ದ್ರವ್ಯದ ಶಕ್ತಿ ತಿಳಿದುಬಂದು, ೧೯೪೬ರಲ್ಲಿ ಅದು ನಮ್ಮ ದೇಶಕ್ಕೆ ಪ್ರವೇಶಿಸಿತು. ೧೯೫೨ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಭತ್ತ, ಗೋಧಿ, ಕಬ್ಬು ಬೆಳೆಗಳಲ್ಲಿ ಕಳೆನಾಶಕಗಳ ಪರೀಕ್ಷೆಗೆ ಯೋಜನೆಗಳನ್ನು ಆರಂಭಿಸಿತು. ಈ ಮೂರು ಬೆಳೆಗಳ ಪಟ್ಟಿಯಲ್ಲಿ ರಾಗಿಯೂ ಇಲ್ಲ, ಅವರೆಯೂ ಇಲ್ಲ. ನೀರಾವರಿಯ ಒಂಟಿ ಬೆಳೆಗಳಿಂದಲೇ ಈ ಶಾಸ್ತ್ರ ಹೊರಟಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ.

೧೯೬೪ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ೧೯೬೮ರ ಕೀಟನಾಶಕಗಳ ಅಧಿನಿಯಮವು ಕಳೆನಾಶಕಗಳನ್ನೂ ತನ್ನ ವ್ಯಾಪ್ತಿಗೆ ತಂದಿತು. ೧೯೭೮ರಲ್ಲಿ ಕಳೆ ನಿಯಂತ್ರಣದ ಅಖಿಲ ಭಾರತ ಸಂಯೋಜಿತ ಯೋಜನೆ ಆರಂಭವಾದಾಗ ಅದರ ಮೊದಲ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಗಿತ್ತು. ರಾಗಿಯ ಸೀಮೆಯಲ್ಲಿಯೇ ಈ ಪ್ರಶ್ನೆಯನ್ನು ಪರೀಕ್ಷಿಸುವ ಅವಕಾಶ ಹೀಗೆ ಒದಗಿತು.

ಈಗ ಔಷಧದ ವಿವೇಚನೆಯ ವಿಷಯಕ್ಕೆ ಬರೋಣ. ೨,೪-ಡಿಯು ಅಗಲ ಎಲೆಯ ದ್ವಿದಳ ಸಸ್ಯಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಬಹುಮಟ್ಟಿಗೆ ಬಿಡುತ್ತದೆ. ರಾಗಿ ಹುಲ್ಲಿನ ಜಾತಿ. ಆದುದರಿಂದ ರಾಗಿಯೊಂದೇ ಇರುವ ಹೊಲಕ್ಕೆ ಅದು ಒದಗುತ್ತದೆ. ಅವರೆಯಾದರೋ ದ್ವಿದಳ. ಅಕ್ಕಡಿ ಸಾಲಿರುವ ಹೊಲಕ್ಕೆ ೨,೪-ಡಿ ಹೊಡೆದರೆ ಅಣ್ಣೆ ಸೊಪ್ಪಿನೊಡನೆ ಅವರೆಯೂ ಸೊರಗಿ ಸಾಯುತ್ತದೆ. ಇದಕ್ಕೆ ವಿರುದ್ಧವಾಗಿ, ಹುಲ್ಲಿನ ಜಾತಿಯನ್ನು ಮಾತ್ರ ಕೊಲ್ಲುವ ಕ್ವಿಜಾಲೊಫಾಪ್ ಮೊದಲಾದ ಈಚಿನ ಔಷಧಗಳು ಅವರೆಯನ್ನು ಬಿಟ್ಟು ರಾಗಿಯನ್ನು ಕೊಲ್ಲುತ್ತವೆ. ಅವರೆಯನ್ನು ಸಾಕುವವನಿಗೆ ಅನ್ನೆ ಸೊಪ್ಪೂ ಒಂದೇ, ಗೋಣಿ ಸೊಪ್ಪೂ ಒಂದೇ. ಔಷಧಕ್ಕೆ ತಿಳಿಯುವುದು ಎಲೆಯ ಜಾತಿ ಮಾತ್ರ. ಶತಮಾನಗಳಿಂದ ಒಂದೇ ಹೊಲದಲ್ಲಿ ಬಾಳಿದ ಎರಡು ಬೆಳೆಗಳು ಔಷಧದ ದೃಷ್ಟಿಯಲ್ಲಿ ಪರಸ್ಪರ ವಿರುದ್ಧ ಪಕ್ಷಗಳಾದುವು. ಬೆಳೆದು ನಿಂತ ಪೈರಿನ ಮೇಲೆ ಇವನ್ನು ಬಳಸಬೇಕಾದರೆ ಅಕ್ಕಡಿಯನ್ನು ಬಿಡಬೇಕು. ಅಕ್ಕಡಿ ಬೇಕಾದರೆ ಇವನ್ನು ಬಿಡಬೇಕು. ಈ ಆಯ್ಕೆಯ ಒತ್ತಡವು ಶಿಫಾರಸಿನ ಪುಸ್ತಕಗಳಲ್ಲಿ ಎದ್ದು ಕಾಣುವುದಿಲ್ಲ; ಹೊಲದಲ್ಲಿ ಕಾಣುತ್ತದೆ.

೭. ಒಂಟಿ ಬೆಳೆಯಾದ ಅವರೆ

ಅವರೆಯನ್ನು ರಾಗಿಯಿಂದ ಅಗಲಿಸಿದುದು ಔಷಧವೊಂದೇ ಎಂದು ಹೇಳುವುದು ಸರಿಯಾಗಲಾರದು. ಹಗಲಿನ ಉದ್ದಕ್ಕೆ ಕಾಯದೆ, ಬಿತ್ತಿದ ಮೂರು ತಿಂಗಳ ಆಸುಪಾಸಿನಲ್ಲಿ ಕಾಯಿ ಬಿಡುವ ಗಿಡ್ಡ ತಳಿಗಳನ್ನು ವಿಶ್ವವಿದ್ಯಾನಿಲಯವು ಹೆಬ್ಬಾಳ ಅವರೆ ಎಂಬ ಹೆಸರಿನಲ್ಲಿ ಹೊರತಂದಿತು. ನೀರಿದ್ದರೆ ವರ್ಷದ ಯಾವ ಕಾಲದಲ್ಲಾದರೂ ಅವರೆಕಾಯಿ ಬೆಳೆಯುವುದು ಇದರಿಂದ ಸಾಧ್ಯವಾಯಿತು. ಬೆಂಗಳೂರಿನ ಮಾರುಕಟ್ಟೆ ಅದನ್ನು ಕೊಳ್ಳಲು ಸಿದ್ಧವಾಗಿತ್ತು. ಅವರೆ ಹೀಗೆ ಒಂಟಿ ಬೆಳೆಯಾಯಿತು. ಅದರೊಡನೆ, ರಾಗಿಯ ಆಶ್ರಯದಲ್ಲಿದ್ದಾಗ ಏಳದಿದ್ದ ಪ್ರಶ್ನೆ ಮೊದಲ ಬಾರಿಗೆ ಎದ್ದಿತು: ಅವರೆಯ ಕಳೆಯನ್ನು ಯಾವಾಗ, ಯಾವುದರಿಂದ ತೆಗೆಯಬೇಕು? ಗಿಡ್ಡ ತಳಿಗೆ ಹಬ್ಬಿ ನೆರಳು ಮಾಡುವ ಶಕ್ತಿ ನಾಡ ಅವರೆಯಷ್ಟಿಲ್ಲದಿರುವುದರಿಂದ ಈ ಪ್ರಶ್ನೆ ಇನ್ನಷ್ಟು ತೀವ್ರವಾಯಿತು.

ಇನ್ನೊಂದು ಕಾರಣ ಆಳಿನ ಅಭಾವ. ೨೦೦೧ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದುವು. ಗಣಿಯ ಊರುಗಳಿಂದಲೂ ಬಂಗಾರಪೇಟೆಯಿಂದಲೂ ಜನ ನಿತ್ಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಮುಯ್ಯಾಳಿಗೆ ಬರುವ ಕೈಗಳು ಕಡಮೆಯಾದಷ್ಟೂ ಕೂಲಿ ಏರಿತು. ಕಳೆನಾಶಕವನ್ನು ಕೊಳ್ಳುವ ರೈತನನ್ನು ದೂಷಿಸುವ ಮುನ್ನ ಈ ಸಂಗತಿಯನ್ನು ನೆನೆಯಬೇಕು.

ಒಂಟಿ ಅವರೆಗೆ ಮುಖ್ಯವಾಗಿ ಒದಗಿದ ಔಷಧ ಪೆಂಡಿಮೆಥಾಲಿನ್. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಹಳದಿ ದ್ರವ್ಯವು ಮೊಳೆಯುವ ಬೀಜದ ಬೇರು ಮತ್ತು ಕುಡಿಯಲ್ಲಿ ಕೋಶ ವಿಭಜನೆಯನ್ನು ತಡೆಯುತ್ತದೆ. ಆದಕಾರಣ ಕಳೆ ಮೊಳೆಯುವ ಮುನ್ನವೇ, ಬಿತ್ತಿದ ಮೂರು ದಿನಗಳೊಳಗೆ, ತೇವವಿರುವ ಮಣ್ಣಿನ ಮೇಲೆ ಇದನ್ನು ಸಿಂಪಡಿಸಬೇಕು. ದ್ವಿದಳ ಧಾನ್ಯಗಳಲ್ಲಿ ಹೆಕ್ಟೇರಿಗೆ ಒಂದು ಕಿಲೋಗ್ರಾಂ ಮೂಲದ್ರವ್ಯವು ಸಾಮಾನ್ಯ ಪ್ರಮಾಣ. ಶೇಕಡ ೩೦ರ ದ್ರಾವಣದಲ್ಲಿ ಅದು ಸುಮಾರು ೩.೩ ಲೀಟರ್, ಎಕರೆಗೆ ಸುಮಾರು ೧.೩ ಲೀಟರ್ ಆಗುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗದ ಈ ದ್ರವ್ಯ ಮೇಲ್ಮಣ್ಣಿಗೆ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಅವರೆಯ ಬೀಜ ಅದಕ್ಕಿಂತ ಆಳದಲ್ಲಿರುವುದು ಬೆಳೆಯ ರಕ್ಷಣೆಗೆ ಒಂದು ಕಾರಣ. ಒಣ ಮಣ್ಣಿನ ಮೇಲೆ ಹೊಡೆದರೆ ಬಿಸಿಲಿಗೆ ಅದರ ಶಕ್ತಿ ಕುಂದುತ್ತದೆ. ಕೋಲಾರದ ಖುಷ್ಕಿಯಲ್ಲಿ ಬಿತ್ತನೆಯ ಮರುದಿನವೇ ಮೇಲ್ಮಣ್ಣು ಆರುವುದು ಅಪರೂಪವಲ್ಲ. ಹೀಗಾಗಿ ದಿನದ ಲೆಕ್ಕ ಸರಿಯಾಗಿದ್ದರೂ ಮಳೆಯ ಲೆಕ್ಕ ತಪ್ಪಿದರೆ ಖರ್ಚು ವ್ಯರ್ಥ.

ಗೆಡ್ಡೆಯಿಂದ ಏಳುವ ಜೇಕನ್ನೂ ಬಳ್ಳಿಬೇರಿನಿಂದ ಹಬ್ಬುವ ಗರಿಕೆಯನ್ನೂ ಪೆಂಡಿಮೆಥಾಲಿನ್ ತಡೆಯಲಾರದು. ಹಳೆಯ ಶತ್ರು ಹಳೆಯದಾಗಿಯೇ ಉಳಿಯಿತು. ಆದುದರಿಂದ ಆರಂಭದ ಸಿಂಪರಣೆಯ ನಂತರವೂ ನಾಲ್ಕೈದು ವಾರದ ಹೊತ್ತಿಗೆ ಒಮ್ಮೆ ಕೈಗಳೆಯೋ ಎಡೆಕುಂಟೆಯೋ ಅಗತ್ಯವಾಗುತ್ತದೆ. ಸೋಯಾ ಅವರೆ, ಕಡಲೆಕಾಯಿಗಳಲ್ಲಿ ಪೈರಿನ ಮೇಲೆ ಬಳಸುವ ಇಮಾಜೆಥಾಪಿರ್ ಎಂಬ ಔಷಧವೂ ಉಂಟು. ಆದರೆ ಅದರ ಅಂಶ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಕೆಲವು ಬೆಳೆಗಳನ್ನು ಬಾಧಿಸಬಲ್ಲದು. ಒಂದು ಕಾಲದಲ್ಲಿ ಬಳಕೆಯಲ್ಲಿದ್ದ ಅಲಾಕ್ಲೋರ್ ಭಾರತ ಸರ್ಕಾರದ ೨೦೧೮ರ ಆಜ್ಞೆಯಂತೆ ೨೦೨೦ರ ಕೊನೆಗೆ ನಿಷಿದ್ಧವಾಯಿತು. ಹಳೆಯ ಪುಸ್ತಕದ ಶಿಫಾರಸನ್ನು ತರಗತಿಯಲ್ಲಿ ಪಾಠ ಹೇಳುವವರು ಅದರ ಮುದ್ರಣದ ವರ್ಷವನ್ನು ನೋಡಿಕೊಳ್ಳುವುದು ಇದರಿಂದ ಕರ್ತವ್ಯವಾಗುತ್ತದೆ.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಉಪಕರಣ ಬದಲಾದರೂ ಕಾಲ ಬದಲಾಗಲಿಲ್ಲ. ಬುಕಾನನ್ ಕಂಡ ಕುಂಟೆಯೂ ಇಂದಿನ ಸಿಂಪರಣೆಯೂ ರಕ್ಷಿಸಲು ಯತ್ನಿಸುವುದು ಅವರೆಯ ಮೊದಲ ನಾಲ್ಕರಿಂದ ಆರು ವಾರಗಳನ್ನೇ. ಎರಡನೆಯದು, ಕಳೆನಾಶಕವು ಕೇವಲ ಕೆಲಸದ ಬದಲಿಯಾಗಿ ಬರಲಿಲ್ಲ. ಅದು ಒಂಟಿ ಬೆಳೆಯ ಹೊಲವೊಂದನ್ನು ಮುಂಚಿತವಾಗಿಯೇ ಅಪೇಕ್ಷಿಸಿತು. ಮೂರನೆಯದು, ಹೊಲದ ಸೊಪ್ಪು, ದನದ ಮೇವು, ಹೆಂಗಸರ ಕೂಲಿ ಇವು ಶಿಫಾರಸಿನ ಲಾಭನಷ್ಟದ ಲೆಕ್ಕಕ್ಕೆ ಬರದೆ ಹೋದುವು.

ಆದುದರಿಂದ 'ಅವರೆಗೆ ಯಾವ ಕಳೆನಾಶಕ ಉತ್ತಮ?' ಎಂದು ಕೇಳುವುದಕ್ಕೆ ಮುಂಚೆ 'ಯಾವ ಹೊಲದ ಅವರೆ?' ಎಂದು ಕೇಳುವುದು ಉಚಿತ. ನೀರಾವರಿಯ ಒಂಟಿ ಅವರೆಗೆ ಪೆಂಡಿಮೆಥಾಲಿನ್ನೂ ಒಂದು ಕೈಗಳೆಯೂ ಸೇರಿದ ಕ್ರಮ ಯುಕ್ತವಾಗಿ ಕಾಣುತ್ತದೆ. ರಾಗಿಯ ಹೊಲದ ಅಕ್ಕಡಿ ಅವರೆಗೆ ಕುಂಟೆಗಿಂತ ಮೇಲಾದ ಉಪಾಯ ಸುಲಭವಾಗಿ ದೊರೆಯುವಂತಿಲ್ಲ. ಅಲ್ಲಿ ಬೇಕಾದುದು ಎತ್ತಿಲ್ಲದ ಮನೆಗೂ ಒದಗುವ ಹಗುರವಾದ ಎಡೆಕುಂಟೆ. ನಂದಿದುರ್ಗ ಗಣಿಯ ಬಳಿ ನಿಂತು ನೋಡಿದರೆ ಒಂದು ಕಡೆ, ಸೈನೈಡಿನಿಂದ ಚಿನ್ನ ತೆಗೆದ ಬಳಿಕ ಉಳಿದ ಮಣ್ಣಿನ ಬರಡು ದಿಬ್ಬಗಳು ಕಾಣುತ್ತವೆ. ಇನ್ನೊಂದು ಕಡೆ ರಾಗಿಯ ಹೊಲಗಳು. ಗಣಿಯ ಸಂಪತ್ತು ನೂರಿಪ್ಪತ್ತು ವರ್ಷಗಳಲ್ಲಿ ಮುಗಿಯಿತು. ಹೊಲದ ಸಂಪತ್ತು ಅದಕ್ಕಿಂತ ಹಿಂದಿನಿಂದ ಬಂದುದು, ಮುಂದಕ್ಕೂ ಉಳಿಯಬೇಕಾದುದು. ಅಕ್ಕಡಿ ಸಾಲಿನ ಜ್ಞಾನವನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅದನ್ನು ದಾಖಲೆಗೆ ತರುವ ಕೆಲಸಕ್ಕೆ ವಿದ್ಯಾರ್ಥಿಗಳು ಮುಂದಾದರೆ ಚರಿತ್ರೆಗೂ ಬೇಸಾಯಕ್ಕೂ ಉಪಕಾರವಾದೀತು.